ಹತ್ತಿ ಹೊಲದ ಸಾಹೇಬರಿಗೆ

ಶಲವಡಿ
ಎಳ್ಳಮಾವಾಸ್ಯೆಯ ಮರುದಿನ, 1986

ಮಣ್ಣಲ್ಲಿ ಮಲಗಿರುವ ಮಾನ್ಯ ಸಾಹೇಬರೇ,

ನಿನ್ನೆ ನಿಮ್ಮ ಗೋರಿಯ ಮೇಲಿಟ್ಟಿದ್ದ ಎಣ್ಣೆಹೋಳಿಗೆಯನ್ನು ಕದ್ದು ತಿಂದವನು ನಾನೇ ಎಂದು ಆತ್ಮಸಾಕ್ಷಿಯಾಗಿ ಒಪ್ಪಿಕೊಳ್ಳುತ್ತೇನೆ. ನಿಮ್ಮವರು ಕೊಂಡೊಯ್ದ ಸಂಪತ್ತಿನಲ್ಲಿ ಒಂದು ಹೋಳಿಗೆಯಷ್ಟನ್ನು ದೇಶಕ್ಕೆ ಮರಳಿಸಿದೆ. ದೇಶವೆಂದರೆ ಸದ್ಯಕ್ಕೆ ನನ್ನ ಹೊಟ್ಟೆ.

ನೀವು ನನ್ನನ್ನು ಅರಿತವರಲ್ಲ. ನಾನು ಅಣ್ಣಿಗೇರಿಯ ಕಾಲೇಜಿನಲ್ಲಿ ಇತಿಹಾಸ ಹೇಳುವವನು, ಐವತ್ತಾದರೂ ಒಂಟಿ. ನಿಮ್ಮ ಬಗ್ಗೆ ನನಗೆ ಗೊತ್ತಿರುವುದು ಕಲ್ಲು ಹೇಳಿದಷ್ಟೇ: ಕಂಪನಿ ಸರ್ಕಾರದ ಹತ್ತಿ ಅಧಿಕಾರಿ, 1846ರಲ್ಲಿ ಜ್ವರದಿಂದ ತೀರಿಕೊಂಡಾಗ ಇಪ್ಪತ್ತಾರು ವರ್ಷ. ಅರಳೆ ಹುಡುಕಿಕೊಂಡು ಬಂದವರು ಅರಳುವ ಮೊದಲೇ ಉದುರಿದಿರಿ. ನಿಮಗೆ ಕಂಪನಿಯಾದರೂ ಇತ್ತು, ಸಾಹೇಬರೇ. ನನಗೆ ಅದೂ ಇಲ್ಲ. ಭಾನುವಾರ ಸೈಕಲ್ಲು ತಾನಾಗಿ ಈ ಹೊಲದ ಕಡೆಗೇ ತಿರುಗುತ್ತದೆ.

ನಿನ್ನೆ ಹೊಲದೊಡೆಯ ಹೊಳಬಸಪ್ಪ ನನ್ನನ್ನೂ ಬಂಡಿಯಲ್ಲಿ ಕೂರಿಸಿಕೊಂಡು ಬಂದಿದ್ದ. ಅವನ ತಾಯಿ ಸಣ್ಣವ್ವ ಭೂತಾಯಿಗೆಂದು ನಾಲ್ಕೂ ದಿಕ್ಕಿಗೆ ಅನ್ನದ ಚರಗ ಚೆಲ್ಲಿ, ವರ್ಷಾ ವರ್ಷ ಮಾಡುವಂತೆ ನಿಮ್ಮ ಪಾಲನ್ನು ಕಲ್ಲಿನ ಮೇಲಿಟ್ಟಳು. ಆಗ ಹೊಳಬಸಪ್ಪ ಅಂದ: “ಮಾಸ್ತರ, ಟ್ರ್ಯಾಕ್ಟರ್ ಹೊಳ್ಳಸಾಕ ಇದು ಅಡ್ಡ ಆಗತೈತ್ರಿ. ಇತಿಹಾಸ ಐತೋ, ಬರೇ ಕಲ್ಲೋ, ಒಂದ್ ಮಾತು ಹೇಳ್ರಿ. ಕಲ್ಲಾದ್ರ ಬ್ಯಾಸಿಗ್ಯಾಗ ಕಿತ್ತ ಒಗೀತೇನಿ.”

“ಕೀಳ್ತೀಯೇನಲೇ? ನಮ್ಮ ಹೊಲದಾಗ ಮಲಗಿದಾಂವ ಉಪಾಸ ಇರಬಾರದು,” ಅಂದಳು ಸಣ್ಣವ್ವ.

“ಯವ್ವಾ, ಹತ್ತಿ ಬಿತ್ತಂತ ನಮ್ಮ ಮುತ್ತ್ಯಾನ ಮುತ್ತ್ಯಾಗ ಬಾರಕೋಲಲೇ ಬಡದಾನಂತ ಬೇ ಇಂವಾ!”

“ಬಡದ್ರ ಬಡದಾನ. ಈಗ ಎದ್ದ ಬಂದು ಬಡೀತಾನೇನು? ಅವರವ್ವ ಅಲ್ಲೆ ಎಷ್ಟ ದಿನಾ ಹಾದಿ ನೋಡಿದ್ಲೋ ಏನೋ.”

ತಾಯಿ ಮಗ ಇಬ್ಬರೂ ನನ್ನ ಮುಖ ನೋಡಿದರು. ನಿಮ್ಮ ಲೂಟಿಯ ಲೆಕ್ಕ ಹೇಳುತ್ತ ಎಷ್ಟು ಮೇಜು ಗುದ್ದಿದ್ದೇನೆ! ಬರೇ ಕಲ್ಲು ಎಂದರೆ ಸಾಕಿತ್ತು. ಆದರೆ ಬೇಸಿಗೆಯ ಒಂದು ಭಾನುವಾರ ಇಲ್ಲಿಗೆ ಬಂದಾಗ ಬರೀ ಉಕ್ಕೆ ಹೊಡೆದ ನೆಲ ಕಂಡಂತಾಯಿತು. “ಇತಿಹಾಸ, ಹೊಳಬಸಪ್ಪ,” ಅಂದೆ. “ಇರಲಿ ಬಿಡು. ಕಳ್ಳತನಕ್ಕೆ ಸಾಕ್ಷಿ ಬೇಕಲ್ಲ.”

“ಹಂಗಂದ್ರ ಟ್ರ್ಯಾಕ್ಟರ್ ಸುತ್ತ ಹಾಕಿ ಹೊಡಿಯೂಣು ಬಿಡ್ರಿ,” ಅಂದ.

ಕರುಣೆಯೆಂದು ತಿಳಿಯಬೇಡಿ. ಇದು ಶುದ್ಧ ವಿದ್ವತ್ತಿನ ತೀರ್ಮಾನ. ನಮ್ಮ ಹಿರಿಯರು ನಿಮಗೆ ಬಾಗಿಸಿದ ತಲೆಯನ್ನು ನಾನು ಎತ್ತಿಯೇ ಇಟ್ಟಿದ್ದೇನೆ. ಆಳಿದವರೊಡನೆ ನನಗೆ ಸಲಿಗೆಯಿಲ್ಲ.

ಬೇಸಿಗೆಯಲ್ಲಿ ಈ ಎರೆಭೂಮಿ ಬಾಯಿ ಬಿಟ್ಟರೂ ನಿಮ್ಮ ನಿದ್ದೆ ಕೆಡದಿರಲಿ.

ಇಂತು, ನಿಮ್ಮ ಪ್ರಜೆಯಲ್ಲದ,
ಶಂಕ್ರಪ್ಪ ಮಾಸ್ತರ

ತಾ.ಕ.: ನಿನ್ನೆ ಸಂಜೆ ಎಲ್ಲರೂ ಬಂಡಿ ಹತ್ತಿದ ಮೇಲೆ ನಾನೊಬ್ಬ ಹಿಂದೆ ಉಳಿದೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಟೊಪ್ಪಿಗೆ ತೆಗೆದು, ತಲೆ ಬಾಗಿಸಿ, “ಗುಡ್ ಈವನಿಂಗ್, ಸರ್” ಅಂದುಬಿಟ್ಟೆ. ಉತ್ತರ ಬಂದೀತೆಂದು ಸ್ವಲ್ಪ ಹೊತ್ತು ನಿಂತೂ ಇದ್ದೆ.