ಅಂಗಡಿಯಿಂದಲೇ ಬರಬೇಕಾದ ಅಂಗಿ

ಹೊಲಿಗೆ ಅಂಗಡಿ, ಕತ್ತರಿ ಮೇಜಿನ ಮುಂದೆ
ತಾರೀಕು ನಾಲ್ಕು, ಬುಧವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಕೆಮ್ಮು ಕಡಿಮೆಯಾಯಿತೇ? ನೆಲದ ಮೇಲೆ ಮಲಗಿ ಬೆನ್ನು ಹಿಡಿದುಕೊಂಡಿಲ್ಲ ತಾನೇ? ರುಚಿಸಲಿ ಬಿಡಲಿ, ಹೊತ್ತು ಹೊತ್ತಿಗೆ ಊಟ ಮಾಡು. ಇಲ್ಲಿ ನಾವು ಇದ್ದೇವೆ. ನಿನ್ನ ಅಮ್ಮನ ಮಂಡಿನೋವು ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ಮೆಟ್ಟಿಲು ಹತ್ತುವಾಗ ಮಾತ್ರ ನನ್ನನ್ನು ಬೈಯುತ್ತಾಳೆ, ಮೆಟ್ಟಿಲು ಕಟ್ಟಿಸಿದವನು ನಾನೇ ಎಂಬಂತೆ. ಈ ಕಾಗದ ನಿನ್ನ ಕೈ ಸೇರುವ ಮೊದಲು ಜೈಲಿನ ಕಚೇರಿಯಲ್ಲಿ ಓದುತ್ತಾರೆಂದು ವಕೀಲರು ಹೇಳಿದರು. ಓದುವ ಸಾಹೇಬರಿಗೂ ನನ್ನ ನಮಸ್ಕಾರ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ ಸ್ವಾಮಿ, ಒಂದು ಅಂಗಿಯ ವಿಷಯ.

ಇಪ್ಪತ್ತಾರಕ್ಕೆ ನಿನ್ನ ವಿಚಾರಣೆ ಇದೆಯಲ್ಲ, ಅವತ್ತು ಮೈಮೇಲೆ ಒಂದು ಒಳ್ಳೆಯ ಅಂಗಿ ಇರಲಿ ಎಂದು ವಕೀಲರು ಹೇಳಿದರು. "ನ್ಯಾಯಾಧೀಶರು ಮೊದಲು ನೋಡೋದು ಮನುಷ್ಯನ್ನ, ಆಮೇಲೆ ಕಾಗದ" ಎಂದರು. ಇದೂ ಒಂದು ಕೆಲಸವೇ ಎಂದು ನಾನು ನಕ್ಕುಬಿಟ್ಟೆ. ಮೂವತ್ತಾರು ವರ್ಷದಿಂದ ಊರಿಗೆಲ್ಲ ಅಂಗಿ ಹೊಲಿಯುವವನಿಗೆ ಹೇಳುವ ಮಾತೇ ಅದು? ಬೂದು ಬಣ್ಣದ ಒಳ್ಳೆಯ ಬಟ್ಟೆ ತಂದು, ಎರಡು ದಿನ ಬೇರೆ ಕೆಲಸ ಮುಟ್ಟದೆ ಹೊಲಿದು, ಇಸ್ತ್ರಿ ಮಾಡಿ, ಜೈಲಿನ ಗೇಟಿಗೆ ಒಯ್ದೆ. ಅಲ್ಲಿನ ಗುಮಾಸ್ತ ಮುಟ್ಟಿ ಸಹ ನೋಡಲಿಲ್ಲ. "ಮನೇಲಿ ಹೊಲಿದಿದ್ದು ಒಳಗೆ ಬಿಡೋ ಹಾಗಿಲ್ಲ. ಅಂಗಡಿಯಿಂದ ನೇರವಾಗಿ ಬರಬೇಕು, ಸೀಲ್ ಒಡೆದಿರಬಾರದು, ಬಿಲ್ ಇರಬೇಕು" ಎಂದ. ನಾನೇ ಅಂಗಡಿ ಕಣಪ್ಪಾ ಎಂದೆ. ಅವನು ಕೆಟ್ಟವನಲ್ಲ, ಪಾಪ, ನಗು ತಡೆದುಕೊಂಡು "ಆನ್‌ಲೈನಲ್ಲಿ ತರಿಸಿ ಯಜಮಾನ್ರೇ, ಎಲ್ಲರೂ ಹಾಗೇ ಮಾಡೋದು" ಎಂದ. ಅಂಗಿಯನ್ನು ಮಡಿಸಿಕೊಂಡು ವಾಪಸ್ಸು ಬಂದೆ.

ನಿನ್ನ ಅಕ್ಕ ತನ್ನ ಹಳೆಯ ಫೋನ್ ಕೊಟ್ಟು, ಬೆರಳು ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಎಂದು ತೋರಿಸಿ ಹೋದಳು. ಐದು ವರ್ಷ ಇದೇ ಆನ್‌ಲೈನ್ ಡಬ್ಬಗಳನ್ನು ವ್ಯಾನಿಗೆ ತುಂಬಿಕೊಂಡು ಮನೆಮನೆಗೆ ಹಂಚಿದವನು ನೀನು. ನೀನಿದ್ದಿದ್ದರೆ ಇದು ಬೇಡ, ಅದು ತಗೋ ಎಂದು ಒಂದು ನಿಮಿಷದಲ್ಲಿ ಮುಗಿಸುತ್ತಿದ್ದೆ. ನನಗೋ ಎಲ್ಲ ಸೈಟೂ ಒಂದೇ ಎಂಬ ಭ್ರಮೆ. ಮೊದಲು ಎಲ್ಲವನ್ನೂ ಮಾರುವ ಆ ದೊಡ್ಡ ಸೈಟಿಗೆ ಹೋದೆ. ಒಂದೇ ಅಂಗಿ, ಒಂದೇ ಚಿತ್ರ, ಮಾರುವವರು ನಲವತ್ತು ಜನ. ಅಳತೆ ಕೇಳಿದರೆ ಎಸ್, ಎಂ, ಎಲ್ ಅಂತೆ. ಭುಜಕ್ಕೊಂದು, ಕತ್ತಿಗೊಂದು, ತೋಳಿಗೊಂದು ಅಳತೆ ಇರುವ ಮನುಷ್ಯನನ್ನು ಒಂದು ಅಕ್ಷರದಲ್ಲಿ ಮುಗಿಸಿಬಿಡುತ್ತಾರೆ. ಬಣ್ಣವನ್ನಾದರೂ ನೋಡಿ ಆಮೇಲೆ ಗೇಟಿಗೆ ಒಯ್ಯೋಣ ಎಂದು ಮನೆಯ ವಿಳಾಸಕ್ಕೇ ತರಿಸಿದೆ. ಪೊಟ್ಟಣ ಬಂತು. ಒಂದು ಮೂಲೆ ಮಾತ್ರ ಬಿಡಿಸಿದೆ. ಪಕ್ಕದ ಹೊಲಿಗೆ ಎಷ್ಟು ಸಡಿಲವಾಗಿತ್ತೆಂದರೆ ನಡುವೆ ಕಿರುಬೆರಳು ಹೋಗುತ್ತಿತ್ತು. ಇದನ್ನು ಹಾಕಿಕೊಂಡು ನನ್ನ ಮಗ ಕಟಕಟೆಯಲ್ಲಿ ನಿಲ್ಲುವುದೇ ಎನ್ನಿಸಿ, ಬಿಚ್ಚಿ, ಮತ್ತೆ ಹೊಲಿದು, ಕಾಲರಿನ ಒಳಗಿನ ಬಟ್ಟೆ ಬದಲಿಸಿ, ಗುಂಡಿಗಳನ್ನೆಲ್ಲ ಬಿಗಿಮಾಡಿ ತಲೆಯೆತ್ತಿದಾಗ ನಿನ್ನ ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಸೀಲ್ ಒಡೆದುಬಿಟ್ರಲ್ಲ" ಎಂದಳು. ಆಗ ನೆನಪಾಯಿತು ನೋಡು. ಇಂಥ ದಡ್ಡತನ ಮಾಡಲು ದರ್ಜಿಯೇ ಆಗಿರಬೇಕು. ಈಗ ಆ ಅಂಗಿಯೂ ಮನೆಯಲ್ಲಿ ಹೊಲಿದದ್ದೇ ಆಯಿತು.

ಅದಾದ ಮೇಲೆ ಒಂದು ಬಟ್ಟೆ ಕಂಪನಿಯ ಸ್ವಂತ ಸೈಟು ನೋಡಿದೆ. ಕೆಲಸ ಅಚ್ಚುಕಟ್ಟು, ಸುಳ್ಳು ಹೇಳಬಾರದು. ನೇರವಾಗಿ ನಿನ್ನ ವಿಳಾಸಕ್ಕೇ ಕಳಿಸಿರೆಂದು ಬರೆದೆ. ಆದರೆ ಅವರದ್ದೊಂದು ನಿಯಮ, ತೆಗೆದುಕೊಳ್ಳುವವರ ಫೋನಿಗೆ ಬರುವ ನಂಬರು ಹೇಳಿದರಷ್ಟೇ ಪೊಟ್ಟಣ ಕೊಡುವುದು. ಅವರ ಸಹಾಯದ ನಂಬರಿಗೆ ಫೋನ್ ಮಾಡಿ, ನನ್ನ ಮಗನ ಹತ್ತಿರ ಫೋನ್ ಇಲ್ಲಮ್ಮಾ ಎಂದೆ. "ಯಾಕಿಲ್ಲ ಸರ್?" ಎಂದು ಆ ಹುಡುಗಿ ಮೆತ್ತಗೆ ಕೇಳಿದಳು. ಹಾಸ್ಟೆಲಿನಲ್ಲಿದ್ದಾನೆ ಎಂದುಬಿಟ್ಟೆ. ಮೂವತ್ತೊಂದು ವರ್ಷದವನು ಯಾವ ಹಾಸ್ಟೆಲಿನಲ್ಲಿರುತ್ತಾನೆ ಮಗನೇ? ಫೋನ್ ಇಟ್ಟು, ಆ ಅಂಗಿ ಬೇಡವೆಂದು ಒತ್ತಿಬಿಟ್ಟೆ. ನಿನ್ನ ಬಗ್ಗೆ ನಾಚಿಕೊಂಡೆನಲ್ಲ ಎಂದು ನನಗೆ ನನ್ನ ಮೇಲೇ ನಾಚಿಕೆಯಾಯಿತು. ನೀನು ಅವತ್ತು ವ್ಯಾನ್ ನಿಲ್ಲಿಸಬೇಕಾಗಿತ್ತು. ವ್ಯಾನ್ ತಗುಲಿ ಸೈಕಲ್ಲಿನವರು ಬಿದ್ದದ್ದು ಕಂಡ ಮೇಲೂ ಹೆದರಿ ಬಂದುಬಿಟ್ಟೆ. ಅದನ್ನು ನಾನು ಯಾರ ಮುಂದೆಯೂ ಸರಿ ಎನ್ನುವುದಿಲ್ಲ. ಅವರನ್ನು ಹೋಗಿ ನೋಡಿಕೊಂಡು ಬಂದೆ, ಈಗ ಕೋಲು ಹಿಡಿದು ವರಾಂಡದವರೆಗೆ ನಡೆಯುತ್ತಾರೆ. ನನ್ನನ್ನು ಕುಳಿತುಕೊಳ್ಳಿ ಎಂದರು, ಅಷ್ಟೇ. ಆದರೂ ನೀನು ನನ್ನ ಮಗನೇ ಎಂದು ಆ ಹುಡುಗಿಗೆ ಹೇಳಬಹುದಿತ್ತು.

ಬಳಸಿದ ಬಟ್ಟೆ ಮಾರುವ ಸೈಟನ್ನೂ ಬಿಡಲಿಲ್ಲ. ಅಲ್ಲಿ ಸೀಲಿನ ಮಾತೇ ಇಲ್ಲವೆಂದು ಗೊತ್ತಿದ್ದರೂ ಸುಮ್ಮನೆ ನೋಡುತ್ತಾ ಕೂತೆ. ನೋಡಿದರೆ ನಾನೇ ಹೊಲಿದ ಕೋಟು! ನಮ್ಮ ಹಳೆಯ ಗಿರಾಕಿ, ಆ ಬ್ಯಾಂಕ್ ಮ್ಯಾನೇಜರು, ಹೊಲಿಸಿಕೊಂಡಾಗ ಕನ್ನಡಿ ಬಿಟ್ಟು ಕದಲಿರಲಿಲ್ಲ. ಈಗ ಮಾರಲು ಹಾಕಿ ಕೆಳಗೆ "ಹೊಲಿಗೆ ಸಾಧಾರಣ" ಎಂದು ಬರೆದಿದ್ದಾರೆ. ಇನ್ನೊಂದು ಸೈಟಿನಲ್ಲಿ ಹತ್ತು ಜನ ಗುಂಪಾಗಿ ಕೇಳಿದರೆ ಮಾತ್ರ ಮಾಲು ಕಳಿಸುತ್ತಾರಂತೆ. ಜೈಲಿಗೆ ಅಂಗಿ ಕಳಿಸಬೇಕಾದ ಇನ್ನೂ ಒಂಬತ್ತು ಜನರನ್ನು ನಾನೆಲ್ಲಿ ಹುಡುಕಲಿ? ನಿನ್ನ ಅಮ್ಮನಿಗೆ ತಲೆ ಕೆಟ್ಟುಹೋಯಿತು. "ಒಂದು ಅಂಗಿಗೆ ಇಷ್ಟು ಪಂಚಾಯ್ತಿನಾ? ಕಣ್ಣುಮುಚ್ಚಿ ಯಾವುದಾದ್ರೂ ಒಂದು ಒತ್ತಿ" ಎಂದಳು. ಆಮೇಲೆ ತಾನೇ ಫೋನ್ ತೆಗೆದುಕೊಂಡು ಅರ್ಧ ಗಂಟೆ ನೋಡಿ, ಏನೂ ಒತ್ತದೆ ಕಣ್ಣೊರೆಸಿಕೊಂಡು ಒಳಗೆ ಹೋದಳು. ನನಗೆ ಸಾಕಾಗಿದೆ ಕಣೋ. ಮಗನಿಗೊಂದು ಅಂಗಿ ತೊಡಿಸಲಾಗದ ದರ್ಜಿ ಎಂದು ಯಾರಾದರೂ ಅಂದರೆ ಹೌದೆಂದೇ ಒಪ್ಪಿಕೊಳ್ಳಬೇಕು.

ಕೊನೆಗೆ ನಿನ್ನ ಅಕ್ಕ, ಕೈಕೆಲಸದವರು ತಮ್ಮ ಮಾಲನ್ನು ತಾವೇ ಮಾರುವ ಒಂದು ಸೈಟು ಹುಡುಕಿದಳು. ಅದರಲ್ಲಿ ನನ್ನನ್ನೇ ಅಂಗಡಿಯವನನ್ನಾಗಿ ಸೇರಿಸಿದ್ದಾಳೆ. ನಾನು ಹೊಲಿದದ್ದನ್ನು ಅವರು ತಪಾಸಣೆ ಮಾಡಿ, ತಾವೇ ಸೀಲು ಹಾಕಿ, ತಮ್ಮ ಬಿಲ್ಲಿಟ್ಟು, ನೇರ ಜೈಲಿನ ಕಚೇರಿಗೆ ಮುಟ್ಟಿಸುತ್ತಾರಂತೆ. ಮಾರುವವನು ಅಪ್ಪ, ಕೊಳ್ಳುವವಳು ಅಕ್ಕ, ತೊಡುವವನು ನೀನು. ಕದ್ದುಮುಚ್ಚಿ ಮಾಡಬಾರದೆಂದು ಗೇಟಿನ ಗುಮಾಸ್ತನನ್ನು ಹೋಗಿ ಕೇಳಿದೆ. ಅವನು ನಿಯಮದ ಹಾಳೆಯನ್ನು ಎರಡು ಸಲ ಓದಿ, "ಅಪ್ಪ ಮಾರಬಾರದು ಅಂತ ಇದರಲ್ಲಿ ಬರೆದಿಲ್ಲ" ಎಂದ. ಪೊಟ್ಟಣ ಬಂದ ದಿನ ಗೇಟಿನಲ್ಲಿ ಅವನೇ ಕೂತಿರುತ್ತಾನೆಂದು ಯಾರು ಹೇಳಬೇಕು? ಮುಟ್ಟಲು ಎಂಟು ದಿನ ಬೇಕಂತೆ. ಲೆಕ್ಕ ಹಾಕಿದರೆ ದಿನಗಳು ಸಾಲುವುದೂ ಉಂಟು, ಸಾಲದೆ ಇರುವುದೂ ಉಂಟು.

ಧೈರ್ಯವಾಗಿರು. ಕೇಳಿದ್ದಕ್ಕೆ ನಿಜವನ್ನೇ ಹೇಳು, ತಲೆ ತಗ್ಗಿಸಿದರೂ ಪರವಾಗಿಲ್ಲ, ಮಾತು ತಗ್ಗಿಸಬೇಡ. ಅಮ್ಮ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೇನೆಂದು ಬರೆಯಲು ಹೇಳಿದಳು. ಅಕ್ಕನ ನೆನಪುಗಳು. ನಮ್ಮಿಬ್ಬರ ಆಶೀರ್ವಾದ ನಿನ್ನ ಜೊತೆಗಿದೆ.

ಇಂತು,
ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಇಷ್ಟೆಲ್ಲ ಬರೆಯಲು ಕೂತದ್ದೇ ಇದಕ್ಕೆ, ಆದರೆ ಕೈ ಬರಲಿಲ್ಲ. ನಿನ್ನ ಈಗಿನ ಅಳತೆ ಬೇಕು. ಬೂದು ಅಂಗಿಯನ್ನು ಪುಸ್ತಕದಲ್ಲಿದ್ದ ಹಳೆಯ ಅಳತೆಗೆ ಹೊಲಿದಿದ್ದೆ. ನೀನು ತುಂಬಾ ಇಳಿದುಹೋಗಿದ್ದೀಯ ಎಂದು ವಕೀಲರು ಹೇಳುತ್ತಾರೆ. ಟೇಪು ಕೊಡದಿದ್ದರೆ ಎದೆ, ಭುಜ, ಕತ್ತು ಎಷ್ಟು ಗೇಣು, ಎಷ್ಟು ಬೆರಳು ಎಂದು ಬರೆ, ನಿನ್ನ ಅಂಗೈಯನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದು ಕಳಿಸು. ನಾಳೆಯೇ ಕಳಿಸು. ಬಾಗಿಲಲ್ಲಿ ನಿಂತ ಗಿರಾಕಿಯ ಎದೆ ಎಷ್ಟೆಂದು ನೋಡಿಯೇ ಹೇಳುವವನು ನಾನು, ನಿನಗೆ ಗೊತ್ತು. ಹೋದ ತಿಂಗಳು ಗಾಜಿನ ಆಚೆ ನೀನು ಹದಿನೈದು ನಿಮಿಷ ನನ್ನ ಎದುರಿಗೇ ಕೂತಿದ್ದೆ. ಅಷ್ಟು ಹೊತ್ತೂ ನಾನು ನಿನ್ನ ಮುಖ ಬಿಟ್ಟು ಬೇರೇನೂ ನೋಡಲಿಲ್ಲ.