ಅರವತ್ತೆರಡು ಮೀಟರ್

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.20

ನಾಲ್ಕು ಗಡಿಯಾರಗಳೂ ಸರಿ. ಮೂರನೆಯದು ಎಂದಿನಂತೆ ಒಂದಿಷ್ಟು ಮುಂದೆ — ಓಡಲಿ, ಲೆಕ್ಕದಲ್ಲಿದೆ. ಕೋಣೆಯ ಉಷ್ಣತೆ 23.1. ಏಸಿ ರಿಪೇರಿಯವನು ಬಂದು ಹೋದ ಮೇಲೆ ಸದ್ದು ಇನ್ನೂ ಜೋರು.

ಹೊಸ ಕಟ್ಟಡಕ್ಕೆ ಸಾಮಾನು ಸಾಗಿಸುವುದು ಈ ವಾರ ಮುಗಿಯಬೇಕು. ನಾಳೆ ಮಾಳಿಗೆಯ ಆಂಟೆನಾ ಇಳಿಸಿ ಹಳೆಯ ಕೇಬಲ್ ಎಳೆದು ತೆಗೆಯುವುದು.

ಇಪ್ಪತ್ತಾರಕ್ಕೆ ಸಮ್ಮೇಳನದಲ್ಲಿ ಭಾಷಣ. "ಕಾಲಮಾಪನದಲ್ಲಿ ಮೂವತ್ತು ವರ್ಷ". ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾಲ್ಕು ಬುದ್ಧಿಮಾತು ಹೇಳಬೇಕಂತೆ. ಸರಳವಾಗಿರಲಿ ಎಂದಿದ್ದಾರೆ. ಹೀಗೆ ಶುರು ಮಾಡಬಹುದು: "ನಮ್ಮ ಗಡಿಯಾರ ಸರಿಯೋ ಅಲ್ಲವೋ ಎಂದು ತಿಳಿಯಲು ಬೇರೆ ದೇಶಗಳ ಗಡಿಯಾರದ ಜೊತೆ ಹೋಲಿಸುತ್ತೇವೆ. ಅದಕ್ಕೆ ಉಪಗ್ರಹದ ಸಂಕೇತ ಬೇಕು. ಸಂಕೇತ ಆಂಟೆನಾದಿಂದ ಕೋಣೆಗೆ ಕೇಬಲ್ಲಿನಲ್ಲಿ ಇಳಿದು ಬರುತ್ತದೆ. ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಅಳೆದು ಕಳೆಯಬೇಕು." ಪರವಾಗಿಲ್ಲ.

ಅದೇ ದಿನ ಸನ್ಮಾನ. ಯಜಮಾನರಿಗೆ ಹೇಳಿದರೆ, "ಹಾಗಾದ್ರೆ ನಿನ್ನ ಮಾತಿಗೆ ಸರ್ಕಾರಿ ಮುದ್ರೆನೂ ಬಿತ್ತು. ಇನ್ನು ಮನೇಲಿ ನನಗೆ ಉಳಿಗಾಲ ಇಲ್ಲ" ಅಂದರು. ಡ್ರಾಯಿಂಗ್ ಮೇಷ್ಟ್ರು, ನಿವೃತ್ತಿಯಾದ ಮೇಲೆ ಚೇಷ್ಟೆ ಮಾಡಲು ನಾನೊಬ್ಬಳೇ ಸಿಗುವುದು.

ಮಾರ್ಚ್ 4, ಮಂಗಳವಾರ. ಸಂಜೆ

ಕೇಬಲ್ ಹೊರಬಂತು. ಪೈಪಿನ ಧೂಳೆಲ್ಲ ನನ್ನ ತಲೆಯ ಮೇಲೆ. ಗುಜರಿಗೆ ಹಾಕುವ ಮುನ್ನ ಸುಮ್ಮನೆ ಹೊತ್ತು ಅಳೆಯುವ ಕೌಂಟರಿಗೆ ಸಿಕ್ಕಿಸಿ ನೋಡಿದೆ. ಸಂಕೇತ ಈ ತುದಿಯಿಂದ ಆ ತುದಿಗೆ ಹೋಗಲು 320 ನ್ಯಾನೊಸೆಕೆಂಡ್. ರಿಜಿಸ್ಟರಿನಲ್ಲಿ ನನ್ನ ಕೈಬರಹ: 310.

ಮತ್ತೆ ಅಳೆದೆ. 320. ಬೇರೆ ಕೌಂಟರ್ ತಂದೆ. 320.

ಕಾರಿಡಾರಿನುದ್ದಕ್ಕೂ ಹಾಸಿ ಟೇಪು ಹಿಡಿದೆ. ಅರವತ್ನಾಲ್ಕು ಮೀಟರ್. ತುದಿಗೆ ಅಂಟಿಸಿದ ಚೀಟಿಯಲ್ಲಿ ಅರವತ್ತೆರಡು. ಮಾರಿದವರು ಎರಡು ಮೀಟರ್ ಧಾರಾಳವಾಗಿ ಬಿಟ್ಟಿದ್ದಾರೆ. ಮೀಟರಿಗೆ ಐದರಂತೆ, ಹತ್ತು ನ್ಯಾನೊಸೆಕೆಂಡ್.

ಹತ್ತು. ಬೇರೆ ಯಾವ ಸಂಖ್ಯೆಯಾದರೂ ಆಗಬಹುದಿತ್ತು.

ಮಾರ್ಚ್ 7, ಶುಕ್ರವಾರ

ಎರಡು ದಿನ ಬರೆಯಲಿಲ್ಲ. ಬರೆದರೆ ಇದನ್ನೇ ಬರೆಯಬೇಕು.

ಏಳು ವರ್ಷದ ಹಿಂದೆ ಹೊರಗಿನಿಂದ ಪತ್ರ ಬಂತು — ನಿಮ್ಮ ಸಮಯ ಹತ್ತು ನ್ಯಾನೊಸೆಕೆಂಡ್ ಸರಿದಿದೆ ಎಂದು. ಮೂರು ತಿಂಗಳು ನಮ್ಮ ಅಂಕಿಗಳನ್ನು ಜಾಗತಿಕ ಲೆಕ್ಕದಿಂದ ಹೊರಗಿಟ್ಟರು. ಲ್ಯಾಬಿನ ಮಾನ ಹೋಯಿತು. ವಿಚಾರಣೆ ನಡೆಯಿತು. ಕೇಬಲ್ಲಿನ ತುದಿಗೆ ನಮ್ಮ ಹುಡುಗ ಕಡ್ಡಿ ಜೋಡಿಸಿದ ಕನೆಕ್ಟರಿನದೇ ತಪ್ಪು ಎಂದು ತೀರ್ಮಾನ. ಆ ಹತ್ತನ್ನು "ಕನೆಕ್ಟರ್ ದೋಷ" ಎಂದು ಹೆಸರಿಟ್ಟು ಕಳೆದೆವು, ಮುಂದೆ ಹೋದೆವು. ಕಡ್ಡಿಯನ್ನು ಕೆಲಸದಿಂದ ತೆಗೆದುಹಾಕಿದರು.

ಒಂಬತ್ತು ವರ್ಷ ನನ್ನ ಕೈಕೆಳಗಿದ್ದ ಇಂಜಿನಿಯರ್. ಫ್ಯಾನಿನ ಗಾಳಿಗೂ ಹಾರಿಹೋಗುವಂತಿದ್ದ, ಅದಕ್ಕೇ ಕಡ್ಡಿ. ವಿಚಾರಣೆಯಲ್ಲಿ ಎದ್ದುನಿಂತು ಒಂದೇ ಮಾತು ಆಡಿದ್ದ: "ಮೇಡಂ, ಕೇಬಲ್ ಇನ್ನೊಂದ್ಸಲ ಅಳೆದು ನೋಡೋಣ." ನಾನು "ಅಳೆದಾಗಿದೆ" ಅಂದೆ.

ಅಳೆದಿರಲಿಲ್ಲ.

ಕೇಬಲ್ ಹಾಕಿದ ದಿನ ಸಮ್ಮೇಳನವೊಂದಕ್ಕೆ ವಿಮಾನ ಹಿಡಿಯಬೇಕಿತ್ತು. ಚೀಟಿ ನೋಡಿ, ಐದರಿಂದ ಗುಣಿಸಿ, ರಿಜಿಸ್ಟರಿಗೆ ಬರೆದೆ. ಪಕ್ಕದ ಕಾಲಂನಲ್ಲಿ "ಅಳೆದಿದೆ", ಸಹಿ. ಬಂದ ಮೇಲೆ ಅಳೆದರಾಯಿತು ಅಂದುಕೊಂಡೆ. ಬಂದೆ. ಮರೆತೆ.

ವಿಚಾರಣೆಯ ದಿನ ಮರೆತಿರಲಿಲ್ಲ.

ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. ಅವರ ತುತ್ತು ಕೈಯಲ್ಲೇ ಉಳಿಯಿತು. "ಹತ್ತು ನ್ಯಾನೊಸೆಕೆಂಡು ಅಂದ್ರೆ ಎಷ್ಟು ಹೊತ್ತೇ?"

"ನೀವು ಕಣ್ಣು ಮಿಟುಕಿಸೋಷ್ಟರಲ್ಲಿ ಅಂಥವು ಕೋಟಿಗಟ್ಟಲೆ ಹೋಗ್ತವೆ."

"ಅಷ್ಟಕ್ಕೆ ಒಬ್ಬನ ಕೆಲಸ ತೆಗೆದ್ರಾ?" ಚೇಷ್ಟೆಯಲ್ಲ. ನಿಜವಾಗಿಯೂ ಕೇಳಿದರು.

ಮಾರ್ಚ್ 10, ಸೋಮವಾರ

ನಿರ್ದೇಶಕರ ಕೋಣೆಗೆ ರಿಜಿಸ್ಟರ್ ಹಿಡಿದು ಹೋದೆ. ಆವತ್ತು ವಿಚಾರಣಾ ಸಮಿತಿಯಲ್ಲಿ ಅವರೂ ಇದ್ದರು. ಪುಟ ನೋಡಿದರು, ಮುಚ್ಚಿದರು.

"ಮಾಗಿದ ಹುಣ್ಣು ಯಾಕೆ ಕೆರೀತೀರಿ ಮೇಡಂ? ಅಂಕಿ ಹೇಗೂ ಸರಿಹೋಗಿದೆ. ಹೊಸ ಕೇಬಲ್ ಹಾಕ್ತಿದ್ದೀವಿ. ಇನ್ನೆರಡು ವಾರಕ್ಕೆ ನಿಮಗೆ ಸನ್ಮಾನ."

"ಅವನದ್ದು?"

"ಎಲ್ಲೋ ನೆಲೆ ಕಂಡ್ಕೊಂಡಿರ್ತಾನೆ ಬಿಡಿ."

ಹೊರಬಂದಾಗ ಒಂದು ಕ್ಷಣ ಹಾಯೆನಿಸಿತು. ಅದನ್ನೂ ಬರೆದಿಡುತ್ತೇನೆ.

ಮಾರ್ಚ್ 16, ಭಾನುವಾರ

ಹಳೆಯ ಕಡತದಲ್ಲಿದ್ದ ನಂಬರಿಗೇ ಕಡ್ಡಿ ಸಿಕ್ಕಿದ. ನನ್ನ ದನಿ ಗುರುತು ಹಿಡಿದು, "ಭಾನುವಾರನೂ ಕೆಲಸ ಇದೆ, ಅಲ್ಲಿಗೇ ಬನ್ನಿ" ಅಂದಿದ್ದ.

ರಜೆಯ ದಿನದ ಖಾಲಿ ಆಫೀಸು ಕಟ್ಟಡ. ಆರನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ಬಿಚ್ಚಿ, ಮೊಣಕಾಲೂರಿ ಕೂತಿದ್ದ. ಲಿಫ್ಟ್ ರಿಪೇರಿ ಕಂಪನಿಯಲ್ಲಿ ಇದು ಐದನೆಯ ವರ್ಷವಂತೆ. ಮೈ ತುಂಬಿಕೊಂಡಿದ್ದಾನೆ. ತಲೆ ಅರ್ಧ ಬೆಳ್ಳಗಾಗಿದೆ. ನಾನು ಏದುಸಿರು ಬಿಡುವುದನ್ನು ನೋಡಿ, "ಲಿಫ್ಟ್ ಕೆಟ್ಟಿದೆ ಮೇಡಂ, ಯಾರಿಗೆ ಹೇಳೋದು" ಅಂದು ನಕ್ಕ. ಮೆಟ್ಟಿಲ ಮೇಲೆ ಕೂತೆವು.

ಎಲ್ಲ ಹೇಳಿದೆ. ಸ್ಪ್ಯಾನರನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ. ಅದು ಆಗಲೇ ಶುಭ್ರವಾಗಿತ್ತು.

"ನಿನಗೆ ಅನುಮಾನ ಇತ್ತಲ್ವಾ?" ಅಂದೆ.

"ಮೊದಮೊದಲು ಇತ್ತು. ಆಮೇಲೆ ಎಲ್ಲರೂ ಅದನ್ನೇ ಹೇಳ್ತಾ ಇದ್ರೆ... ನಾನೇ ಸಡಿಲ ಬಿಟ್ಟಿರ್ಬೇಕು ಅನ್ನಿಸ್ತು. ಏಳು ವರ್ಷದಿಂದ ಹಾಗೇ ಅಂದ್ಕೊಂಡಿದ್ದೀನಿ ಮೇಡಂ. ಈಗಲೂ ಒಂದೊಂದು ಬೋಲ್ಟನ್ನೂ ಮೂರು ಮೂರು ಸಲ ತಿರುಗಿಸಿ ನೋಡ್ತೀನಿ. ಜೊತೆಯವರು ಆಡ್ಕೊಂಡು ನಗ್ತಾರೆ. ಮನೇಲಿ ಇವಳು ಗ್ಯಾಸ್ ಆರಿಸಿದ್ರೂ ನಾನು ಎದ್ದು ಹೋಗಿ ನೋಡ್ತೀನಿ."

ಕ್ಷಮೆ ಕೇಳಿದೆ. ಬಟ್ಟೆ ಮಡಿಸಿ ಮತ್ತೆ ಸ್ಪ್ಯಾನರ್ ಒರೆಸಿದ. ಸಮ್ಮೇಳನದಲ್ಲಿ ಎಲ್ಲರೆದುರು ಹೇಳುತ್ತೇನೆ ಅಂದೆ. ಆಗ ತಲೆ ಎತ್ತಿದ.

"ಅಲ್ಲಿ ನನ್ನನ್ನ ಯಾರು ಬಲ್ಲರು? ನಿಮ್ಮನ್ನ ಹೊಗಳ್ತಾರೆ, ಅಷ್ಟೆ. ಹೇಳೋದಾದ್ರೆ ನಮ್ಮ ಲ್ಯಾಬಲ್ಲಿ ಹೇಳಿ. ಕ್ಯಾಂಟೀನಲ್ಲಿ ನಾನು ಬಂದ್ರೆ ಟೇಬಲ್ ಬಿಟ್ಟು ಏಳ್ತಿದ್ರಲ್ಲ, ಅವರಿಗೆ ಹೇಳಿ. ಸ್ಟೋರಿನ ಮಾಮನಿಗೆ ಹೇಳಿ."

ಮಾಮ ನಮ್ಮ ಸ್ಟೋರ್ ಕೀಪರ್. ಕಡ್ಡಿಯನ್ನು ಸ್ವಂತ ಅಕ್ಕನ ಮಗನ ಹಾಗೆ ನೋಡಿಕೊಂಡಿದ್ದರು. ವಿಚಾರಣೆಯ ಮರುದಿನದಿಂದ ಮಾತು ಬಿಟ್ಟರು.

ಇಳಿಯುವಾಗ ಮೇಲಿನಿಂದ ಸ್ಪ್ಯಾನರಿನ ಸದ್ದು. ಒಂದು. ಎರಡು. ಮೂರು.

ಮಾರ್ಚ್ 25, ಮಂಗಳವಾರ. ಹೋಟೆಲ್

ಕತ್ತಿಗೆ ಕಾರ್ಡು, ಕೈಯಲ್ಲಿ ಕಾಗದದ ಲೋಟ, ಅವೇ ಮುಖಗಳು. ಯಾರು ನಿವೃತ್ತರಾದರು, ಯಾರ ಜಾಗಕ್ಕೆ ಯಾರು, ಯಾವ ಲ್ಯಾಬಿನಲ್ಲಿ ಹೊಸ ಹುದ್ದೆ — ಕಾಫಿಯ ಸಾಲಿನಲ್ಲೇ ಎಲ್ಲ ತೀರ್ಮಾನ. ಸಮಯ ಅಳೆಯುವವರ ಸಭೆ ಇಪ್ಪತ್ತೈದು ನಿಮಿಷ ತಡವಾಗಿ ಶುರು. ಪ್ರತಿವರ್ಷ ಯಾರಾದರೂ ಇದನ್ನು ಜೋಕು ಮಾಡುತ್ತಾರೆ, ಪ್ರತಿವರ್ಷ ಎಲ್ಲರೂ ನಗುತ್ತಾರೆ. ನಾನೂ ನಕ್ಕೆ.

ನಾಳೆ ಹೇಳುವುದಿಲ್ಲ. ಕಡ್ಡಿ ಬೇಡ ಅಂದಿದ್ದಾನೆ. ಊರಿಗೆ ಹೋಗಿ, ಲ್ಯಾಬಿನಲ್ಲಿ.

ಮಾರ್ಚ್ 26, ಬುಧವಾರ. ಸಂಜೆ 5

ಹೇಳಿಬಿಟ್ಟೆ.

ಯಾಕೋ ಗೊತ್ತಿಲ್ಲ. ಗೊತ್ತು. ಮುಂದಿನ ಸಾಲಿನಲ್ಲಿ ಹೊಸಬರು ನೋಟ್‌ಬುಕ್ ಬಿಚ್ಚಿ ಕೂತಿದ್ದರು. ಬರೆದುಕೊಂಡು ಹೋದ ಬುದ್ಧಿಮಾತು ಬಾಯಿಗೆ ಬರಲಿಲ್ಲ. "ನಾನೊಂದು ಸುಳ್ಳು ಸಹಿ ಹಾಕಿದ್ದೇನೆ" ಎಂದು ಶುರುವಾಯಿತು. ಮುಗಿಸಿದೆ. ಆಮೇಲೆ ಒಬ್ಬರು ಎದ್ದರು, ಇನ್ನೊಬ್ಬರು, ಕೊನೆಗೆ ಎಲ್ಲರೂ. ಚಪ್ಪಾಳೆ ನಿಲ್ಲಲೇ ಇಲ್ಲ. ಅದರ ಬೆನ್ನಿಗೇ ಸನ್ಮಾನ. ಫಲಕ ಕೈಗಿಟ್ಟರು. ತೆಗೆದುಕೊಂಡೆ.

ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಕಣ್ಣು ತುಂಬಿಕೊಂಡು ಬಂದು ಕೈ ಹಿಡಿದಳು. "ನಿಮ್ಮಂಥೋರು ನನಗೆ ಬಾಸ್ ಆಗಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು" ಅಂದಳು.

ಕೋಣೆಗೆ ಬಂದು ಫಲಕವನ್ನು ಚೀಲದ ತಳಕ್ಕೆ ತುರುಕಿದೆ.

ಮಾರ್ಚ್ 27, ಗುರುವಾರ

ತಿಂಡಿಯ ಹೊತ್ತಿಗೂ ಅದೇ ಮಾತು. ಎಂಥ ಧೈರ್ಯ, ಎಂಥ ಪ್ರಾಮಾಣಿಕತೆ. ಮೂವತ್ತು ಜನವಾದರೂ ಮಾತಾಡಿಸಿದರು. ಆ ಇಂಜಿನಿಯರ್ ಈಗ ಎಲ್ಲಿದ್ದಾನೆ ಎಂದು ಒಬ್ಬರೂ ಕೇಳಲಿಲ್ಲ.

ಏಪ್ರಿಲ್ 9, ಬುಧವಾರ

ನಿರ್ದೇಶಕರಿಗೆ ಮೊದಲು ಸಿಟ್ಟು, ಆಮೇಲೆ ಸಂತೋಷ. ಹೊರಗಿನಿಂದ ಮೆಚ್ಚುಗೆಯ ಪತ್ರಗಳು ಬಂದಿವೆ. ನನ್ನ ಫೋಟೊ ಕಾರಿಡಾರಿನಲ್ಲಿ ತೂಗುಹಾಕಿಸಿದ್ದಾರೆ. ಲ್ಯಾಬಿನ ಸಭೆ ಕರೆಯಿರಿ, ಕಡ್ಡಿಯ ಕಡತ ತಿದ್ದಿ ಎಂದು ಬರೆದುಕೊಟ್ಟೆ.

"ಅಲ್ಲೇ ಹೇಳಿದ್ದೀರಲ್ಲ. ಇನ್ನೇನು?"

"ಅಲ್ಲಿ ಹೇಳಿದ್ದು ನನ್ನ ವಿಷಯ ಸಾರ್. ಇದು ಅವನದ್ದು."

"ನೋಡೋಣ" ಅಂದರು. ಅವರ ಬಾಯಲ್ಲಿ ನೋಡೋಣ ಅಂದರೆ ಇಲ್ಲ ಎಂದರ್ಥ.

ಫೋಟೊ ನಾನೇ ಇಳಿಸಿ ಗೋಡೆಗೆ ತಿರುಗಿಸಿಟ್ಟೆ. ಮಧ್ಯಾಹ್ನ ನೋಡಿದರೆ ಮತ್ತೆ ಮೊಳೆಯ ಮೇಲಿತ್ತು.

ಏಪ್ರಿಲ್ 21, ಸೋಮವಾರ. ಮಧ್ಯಾಹ್ನ 1

ಮೀಟಿಂಗ್ ರೂಮನ್ನು ನನ್ನ ಹೆಸರಿನಲ್ಲೇ ಬುಕ್ ಮಾಡಿ ಎಲ್ಲರಿಗೂ ಚೀಟಿ ಕಳಿಸಿದ್ದೆ. ನಿರ್ದೇಶಕರು ರಜೆ ಹಾಕಿದರು. ಕಡ್ಡಿಯನ್ನೂ ಕರೆದಿದ್ದೆ. "ನಾನು ಆ ಗೇಟು ದಾಟಲ್ಲ. ನೀವು ಹೇಳಿ" ಅಂದ.

ಹನ್ನೊಂದು ಜನ. ಐದು ಜನ ಅವನು ಹೋದ ಮೇಲೆ ಕೆಲಸಕ್ಕೆ ಸೇರಿದವರು, ಕಡ್ಡಿ ಯಾರೆಂದೇ ಗೊತ್ತಿಲ್ಲ. ಒಬ್ಬ ಫೋನು ನೋಡುತ್ತಿದ್ದ. ನಾಲ್ಕು ನಿಮಿಷದಲ್ಲಿ ಮುಗಿಯಿತು. ಚಪ್ಪಾಳೆ ಇಲ್ಲ. ಕುರ್ಚಿ ಸರಿಸುವ ಸದ್ದು. ಅವನ ಟೇಬಲ್ ಬಿಟ್ಟು ಏಳುತ್ತಿದ್ದವರು ಇವತ್ತೂ ಬೇಗ ಎದ್ದು ಹೋದರು.

ಸ್ಟೋರಿನ ಮಾಮ ಮಾತ್ರ ಕೂತೇ ಇದ್ದರು.

"ಆವತ್ತು ಅವನು ಸ್ಟೋರ್ ಹಿಂದೆ ಕೂತು ಅಳ್ತಿದ್ದ ಮೇಡಂ. ನಾಟಕ ಅಂದ್ಕೊಂಡೆ. ಕುಡಿಯೋಕೆ ನೀರು ಕೇಳಿದ. ಬಾಟ್ಲಿ ಕೈಯಲ್ಲೇ ಇತ್ತು. ಕೊಡಲಿಲ್ಲ."

ನನ್ನನ್ನು ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. ಕೀಗೊಂಚಲು ಎತ್ತಿಕೊಂಡು ಹೋದರು.

ಸಂಜೆ 6.40

ಕಡ್ಡಿಗೆ ಫೋನ್ ಮಾಡಿದೆ. "ಯಾರ್ಯಾರಿದ್ರು?" ಅಂದ. ಒಬ್ಬೊಬ್ಬರಾಗಿ ಹೇಳಿದೆ. ಒಂದೊಂದಕ್ಕೂ "ಹೂಂ" ಅಂದ.

"ಮಾಮ ಏನಂದ್ರು?"

ಹೇಳಿದೆ. ನೀರಿನ ಮಾತನ್ನೂ.

ಆ ಕಡೆ ಲೋಟಕ್ಕೆ ನೀರು ಬಗ್ಗಿಸಿದ ಸದ್ದು ಕೇಳಿಸಿತು.

"ಕನೆಕ್ಟರ್ ಸರಿಯಾಗಿತ್ತು ಅಂತ ಹೇಳಿದ್ರಾ?"

"ಹೇಳಿದೆ."

"ನನಗೆ ಹೇಳಿ."

"ನೀನು ಹಾಕಿದ ಕನೆಕ್ಟರ್ ಸರಿಯಾಗಿತ್ತು. ಸಡಿಲ ಇರಲಿಲ್ಲ."

"ಒಂದ್ನಿಮಿಷ ಮೇಡಂ" ಅಂದ. ಫೋನು ಕೈ ಬದಲಾಯಿತು. ಹೆಣ್ಣು ದನಿ. ಹೆಂಡತಿ. "ಏನೋ ಹೇಳ್ಬೇಕು ಅಂದ್ರಂತೆ," ಅಂದಳು, "ಹೇಳಿ."

"ನಿಮ್ಮ ಯಜಮಾನರು ಹಾಕಿದ ಕನೆಕ್ಟರ್ ಸರಿಯಾಗಿತ್ತಮ್ಮ. ಅಳೆಯದೆ ಸಹಿ ಹಾಕಿದ್ದು ನಾನು."