ಅಮ್ಮನ ಹೆಸರೇನು ಎಂದು ಕೇಳಿದರು

ಬಿಷ್ಕೆಕ್
ಸೆಪ್ಟೆಂಬರ್ ೧೯, ಗುರುವಾರ

ಸೊಸೆ ಜಿಪಾರಳಿಗೆ, ಬೈಗುಳದ ಜತೆಗೆ ಆಶೀರ್ವಾದ,

ನನ್ನ ಮಗ ಎರ್ಮೆಕ್ ಹೇಗಿದ್ದಾನೆ, ಚಿಕ್ಕವನ ಕೆಮ್ಮು ನಿಂತಿತೇ, ಊರಾಚೆಯ ನಿಮ್ಮ ಹೊಸ ಬಡಾವಣೆಗೆ ಈ ವರ್ಷವಾದರೂ ನಲ್ಲಿ ಬಂತೇ ಎಂದೆಲ್ಲ ಮೊದಲು ಕೇಳಬೇಕು. ಕೇಳಿದೆ ಎಂದುಕೋ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಎಲ್ಲದಕ್ಕೂ "ಹೂಂ ಅತ್ತೆ, ಹೂಂ ಅತ್ತೆ" ಅನ್ನುತ್ತೀಯ, ಕೇಳಿಸಿಕೊಂಡೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು.

ನಮ್ಮ ಕಟ್ಟಡದ ಹಿಂದಿನ ಶಾಲೆಯ ಗತಿ ನಿನಗೆ ಗೊತ್ತಲ್ಲ. ಸುತ್ತಲಿನ ಬೀದಿಗಳ ಮಕ್ಕಳಿಗೆಂದು ಕಟ್ಟಿದ ಶಾಲೆ. ಈಗ ಬೆಳಗಾದರೆ ಮಿನಿಬಸ್ಸುಗಳು ಬಂದು ಮಕ್ಕಳನ್ನು ಆಲೂಗಡ್ಡೆ ಮೂಟೆ ಇಳಿಸಿದಂತೆ ಇಳಿಸಿ ಹೋಗುತ್ತವೆ. ಎಲ್ಲ ಊರಾಚೆಯವರು. ಕಾಗದದಲ್ಲಿ ಮಾತ್ರ ಎಲ್ಲರೂ ನಮ್ಮ ಕಟ್ಟಡದವರು! ಕೆಳಗಿನ ಮನೆಯ ಲ್ಯುದ್ಮಿಲಾ ಇದ್ದಾಳಲ್ಲ, ಅವಳ ಒಂದೇ ಒಂದು ಕೋಣೆಯಲ್ಲಿ ಹನ್ನೊಂದು ಸಂಸಾರ ವಾಸವಾಗಿದೆಯಂತೆ. ನಿಂತರೂ ಹಿಡಿಸುವುದಿಲ್ಲ, ಇನ್ನು ಮಲಗುವುದೆಲ್ಲಿ? ನಮ್ಮ ಹುಡುಗಿ ಬೆಗಿಮಾಯ್ ತರಗತಿಯಲ್ಲಿ ಒಂದು ಬೆಂಚಿಗೆ ಮೂವರು ಕೂರುತ್ತಾರೆ. ಇವಳದು ಗೋಡೆಯ ಬದಿ. ಮೊಣಕೈ ತಗುಲಿ ಅಕ್ಷರವೆಲ್ಲ ಸೊಟ್ಟ.

ಇಂಥವರು ಇಲ್ಲೇ ವಾಸವಿದ್ದಾರೆ ಎಂದು ಸಹಿ ಹಾಕಬೇಕಾದವಳು ಕಟ್ಟಡದ ಹಿರಿಯಳಾದ ನಾನು. ನಾನು ಹಾಕಲಿಲ್ಲ. ಲ್ಯುದ್ಮಿಲಾ ನನ್ನ ತಲೆಯ ಮೇಲಿಂದ ಹೋಗಿ ಕಚೇರಿಯಲ್ಲಿ ಯಾರನ್ನೋ ಹಿಡಿದು ಕೆಲಸ ಮುಗಿಸಿದಳು. ಆದ್ದರಿಂದ ನಾನೂ ದೂರು ಬರೆದೆ. ಹೆಸರಿಟ್ಟೇ ಬರೆದೆ, ಹೇಡಿಯ ಹಾಗೆ ಅನಾಮಧೇಯ ಬರೆಯಲಿಲ್ಲ. ಅಂಗಳದಲ್ಲಿ ಸುದ್ದಿ ಹರಡಿದ್ದೇ ತಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಮೆರವಣಿಗೆ ನೋಡಬೇಕಿತ್ತು! ನಾನು ಹೆಸರೇ ಎತ್ತಿರದವರೂ ಬಂದು "ನಾವು ಇಲ್ಲೇ ಇರೋದು ಬುರುಲ್ ಅಮ್ಮಾ, ರಾತ್ರಿ ಲೇಟಾಗಿ ಬರ್ತೀವಿ ಅಷ್ಟೇ" ಅಂದರು. ಎಷ್ಟು ಲೇಟು? ನೀವು ಬಂದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ ಅಂದೆ.

ನಿಮ್ಮ ಬಡಾವಣೆಯ ಗುಲ್ಬಾರಾ ಬಂದು ಅತ್ತಳು. ನಿನ್ನ ಜತೆ ಮಿನಿಬಸ್ಸಿನಲ್ಲಿ ಬರುವವಳು, ನಿನಗೆ ಗೊತ್ತಿರಬೇಕು. "ನಮ್ಮ ಕಡೆ ಶಾಲೆ ಮೂರು ಪಾಳಿಲಿ ನಡೆಯುತ್ತೆ ಅಮ್ಮಾ, ಹುಡುಗ ಮನೆ ಸೇರೋ ಹೊತ್ತಿಗೆ ಕತ್ತಲಾಗಿರುತ್ತೆ, ನಾಯಿಗಳ ಕಾಟ" ಅಂದಳು. ನಾಯಿಗೆ ಹೆದರಿ ಸುಳ್ಳು ಹೇಳುವವಳು ನಾಳೆ ಇಲಿಗೆ ಹೆದರಿ ಕಳ್ಳತನ ಮಾಡುತ್ತಾಳೆ ಅಂದು ಬಾಗಿಲು ಹಾಕಿಕೊಂಡೆ. ಅವಳ ಮಗನ ಹೆಸರು ತೆಗೆದುಹಾಕಿದರು.

ಮೊನ್ನೆ ಮಂಗಳವಾರ ತಪಾಸಣೆಯವರು ಮನೆಮನೆಗೆ ಬಂದರು. ಇಬ್ಬರು ಹೆಂಗಸರು, ಒಬ್ಬ ಬೋಳುತಲೆಯವನು. ನಾನೇ ಬೊರ್ಸೋಕ್ ಕರಿದು, ಹಾಲು ಹಾಕಿದ ಚಹಾ ಕೊಟ್ಟು ಕೂರಿಸಿದೆ. ನಮ್ಮ ಮನೆಯನ್ನೂ ಬಿಡಬೇಡಿ, ನ್ಯಾಯ ಎಲ್ಲರಿಗೂ ಒಂದೇ ಎಂದು ಬಾಯಿಬಿಟ್ಟು ಹೇಳಿದವಳೂ ನಾನೇ.

ಅವನು ಬೆಗಿಮಾಯ್‌ಳನ್ನು ಹತ್ತಿರ ಕರೆದು "ನಿಮ್ಮಮ್ಮನ ಹೆಸರೇನು ಪುಟ್ಟಿ?" ಅಂದ.

"ಬುರುಲ್" ಅಂದಳು. ಮತ್ತೇನನ್ನುತ್ತಾಳೆ?

ಅವನು ತನ್ನ ಕಾಗದ ನೋಡಿದ. "ಹಾಗಾದ್ರೆ ಜಿಪಾರ ಅಂದ್ರೆ ಯಾರು?"

"ನಮ್ಮತ್ತಿಗೆ. ಎರ್ಮೆಕ್ ಅಣ್ಣನ ಹೆಂಡ್ತಿ. ಭಾನುವಾರ ಬಂದು ನಂಗೆ ಜಡೆ ಹಾಕ್ತಾಳೆ. ಎಳೆಯೋದೇ ಇಲ್ಲ."

"ನಿಮ್ಮಮ್ಮಂಗೆ ಎಷ್ಟು ವಯಸ್ಸು?"

"ಅರವತ್ಮೂರು. ಮಂಡಿಗೆ ಮಾತ್ರ ಎಂಬತ್ತು ಅಂತಾಳೆ."

ಹೆಂಗಸರಿಬ್ಬರೂ ನಕ್ಕರು. ಅವನು ನಗಲಿಲ್ಲ. "ಮಗೂಗೆ ಚೆನ್ನಾಗಿ ಗಿಳಿಪಾಠ ಮಾಡಿಸಿದೀರ" ಅಂದ, ನನ್ನದೇ ಬೊರ್ಸೋಕ್ ಬಾಯಲ್ಲಿಟ್ಟುಕೊಂಡು! ಹುಡುಗಿಯನ್ನು ಒಳಗೆ ಕಳಿಸಿ ಅವನಿಗೆ ಚೆನ್ನಾಗಿ ಬಿಡಿಸಿ ಹೇಳಿದೆ. ಮಗನ ಮೊದಲ ಕೂಸು ಹಿರಿಯರ ಮಡಿಲಿಗೆ, ನಲವತ್ತು ದಿನ ತುಂಬಿದ ಮೇಲೆ ನಾನೇ ಎತ್ತಿಕೊಂಡು ಬಂದೆ, ಅಂದಿನಿಂದ ನಾನೇ ತಾಯಿ, ಹೆತ್ತವಳು ಅತ್ತಿಗೆ, ನೀನು ಕಿರ್ಗಿಜನೋ ಅಥವಾ ಆಕಾಶದಿಂದ ಬಿದ್ದೆಯೋ ಎಂದು ಕೇಳಿದೆ.

"ಪದ್ಧತಿ ಗೊತ್ತು ಅಮ್ಮಾ, ನನ್ನನ್ನೂ ಅಜ್ಜಿನೇ ಬೆಳೆಸಿದ್ದು" ಅಂದ. "ಆದ್ರೆ ಪದ್ಧತಿಗೆ ಕಂಪ್ಯೂಟರಲ್ಲಿ ಜಾಗ ಇಲ್ಲ. ತಾಯಿ ಜಿಪಾರ, ತಾಯಿ ವಿಳಾಸ ಊರಾಚೆ ಬಡಾವಣೆ. ನಿಮ್ಮ ದೂರಿನ ಪ್ರಕಾರ ನೋಡಿದ್ರೆ ಈ ಮಗೂನೂ ಸುಳ್ಳು ವಿಳಾಸದ್ದೇ."

ಅಜ್ಜಿ ಬೆಳೆಸಿದ ಗಂಡು ನೋಡು! ಆ ಅಜ್ಜಿ ಇವನಿಗೆ ಉಣ್ಣಿಸಿದ್ದೆಲ್ಲ ದಂಡ.

ಮೆಟ್ಟಿಲ ಮೇಲೆ ಇಡೀ ಕಟ್ಟಡವೇ ನಿಂತಿತ್ತು. ಲ್ಯುದ್ಮಿಲಾ ಹಲ್ಲು ಕಿರಿದು "ಏನು ಬುರುಲ್, ನಿನ್ನ ಮನೇಲೂ ಹನ್ನೆರಡನೇ ಸಂಸಾರ ಸಿಕ್ತಂತೆ?" ಅಂದಳು. ಅದನ್ನು ನಾನು ತಡೆದುಕೊಂಡೆ. ಮಗನ ಕಾಗದ ಹಿಂದಕ್ಕೆ ಪಡೆಯಲು ಬಂದಿದ್ದ ಗುಲ್ಬಾರಾ ಮುಂದೆ ಬಂದು, "ಈಯಮ್ಮನೇ ಸ್ವಾಮಿ ಆ ಮಗು ತಾಯಿ. ನಮ್ಮ ಬಡಾವಣೆ ಪೂರ್ತಿ ಬಂದು ಸಾಕ್ಷಿ ಹೇಳ್ತೀವಿ" ಅಂದಳಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ. ನಾನು ಯಾರ ಮಗನ ಹೆಸರು ತೆಗೆಸಿದೆನೋ ಅವಳ ಸಾಕ್ಷಿ ನನಗೆ ಬೇಕೇ? ಒಂದು ಬೈಗುಳವಾದರೂ ಬೈದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಅಷ್ಟೂ ತಿಳಿಯದ ಹೆಂಗಸು.

ಈಗ ವಿಷಯಕ್ಕೆ ಬರುತ್ತೇನೆ. ದಾರಿ ಎರಡೇ ಅಂತೆ. ಒಂದು, ಅಧಿಕಾರಿಯ ಎದುರು ನೀನು ಮಗುವನ್ನು ನನಗೆ ಒಪ್ಪಿಸಿದ್ದೇನೆ ಎಂದು ಬರೆದುಕೊಡಬೇಕು. ಬೆಗಿಮಾಯ್‌ಳನ್ನು ಪಕ್ಕದಲ್ಲೇ ಕೂರಿಸಿ, ಹೆತ್ತವಳು ಇವಳು, ಇವಳು ಬರಿ ಅಜ್ಜಿ, ಯಾರ ಹತ್ತಿರ ಇರುತ್ತೀಯ ಎಂದು ಕೇಳುತ್ತಾರಂತೆ. ಏಳು ವರ್ಷದ ಕೂಸನ್ನು! ಕುರಿ ಸಂತೆಯಲ್ಲೂ ಕುರಿಯನ್ನು ಹೀಗೆ ಕೇಳುವುದಿಲ್ಲ. ಆಗದು.

ಎರಡನೆಯದು, ನಿನ್ನ ವಿಳಾಸವನ್ನು ನನ್ನ ಮನೆಗೆ ಬದಲಾಯಿಸುವುದು. ಒಂದು ಸಹಿಯ ಕೆಲಸ. ಆ ಸಹಿ ಹಾಕಬೇಕಾದವಳು ನಾನೇ. ನೀನು ಅಲ್ಲಿರುತ್ತ ಇಲ್ಲಿದ್ದೀಯ ಎಂದು ನಾನು ಬರೆದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಬರೆಯದಿದ್ದರೆ ಹುಡುಗಿ ಸೋಮವಾರದಿಂದ ಶಾಲೆಗಿಲ್ಲ. ಇವತ್ತೇ ಚೀಲ ಬೆನ್ನಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಅಮ್ಮಾ, ಸೋಮವಾರನೂ ಹೋಗ್ತೀನಿ ಅಲ್ವಾ?" ಅಂದಳು. ಮೊದಲು ಇವತ್ತು ಹೋಗು, ಹೊತ್ತಾಯಿತು ಎಂದು ಅಟ್ಟಿದೆ.

ಆದ್ದರಿಂದ ನೀನು ನಿಜವಾಗಿಯೇ ಬಂದು ಇರು. ಎರ್ಮೆಕ್‌ನನ್ನೂ ಚಿಕ್ಕವನನ್ನೂ ಕರೆದುಕೊಂಡು ಬಾ. ಶನಿವಾರವೇ ಬಾ. ದೊಡ್ಡ ಕೋಣೆ ಖಾಲಿ ಮಾಡಿದ್ದೇನೆ. ಬುರುಲ್ ಸುಳ್ಳು ಸಹಿ ಹಾಕಿದಳು ಎಂದು ಆ ಲ್ಯುದ್ಮಿಲಾ ಬಾಯಲ್ಲಿ ಅನ್ನಿಸಿಕೊಳ್ಳಲಾರೆ, ಅದಕ್ಕೇ ಕರೆಯುತ್ತಿದ್ದೇನೆ. ಬೇರೆ ಏನೇನೋ ಊಹಿಸಿಕೊಂಡು ಅಳುತ್ತ ಬರಬೇಡ. ನಿನ್ನ ಅಳು ನನಗೆ ಆಗುವುದಿಲ್ಲ, ಅದು ನಿನಗೂ ಗೊತ್ತು.

ನೀನು ಅವಳಿಗೆ ಜಡೆ ಹಾಕುವಾಗ ಯಾವತ್ತೂ ಬಾಯಿ ತಪ್ಪಿಯೂ ಒಂದು ಮಾತು ಆಡಿದವಳಲ್ಲ. ಅದನ್ನು ನಾನು ನೋಡಿಲ್ಲವೆಂದುಕೊಳ್ಳಬೇಡ.

ನಿನ್ನ ಅತ್ತೆ
ಬುರುಲ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಬೆಗಿಮಾಯ್ ಬಂದು ಕೇಳಿದಳು, "ಕಾಗದದಲ್ಲಿ ನಮ್ಮಮ್ಮ ಅಂತ ಅತ್ತಿಗೆ ಹೆಸರು ಬರೆದಿದಾರಂತೆ, ನಿಜಾನಾ?" ಕಚೇರಿಯವರು ತಪ್ಪು ಬರೆದಿದ್ದಾರೆ ಎಂದು ಹೇಳಿಬಿಟ್ಟೆ. ನಂಬಲಿಲ್ಲ. ಅತ್ತಿಗೆಯನ್ನೇ ಕೇಳುತ್ತೇನೆ ಅಂದಳು. ಕೇಳಲಿ. ನೀನು ಬಂದ ಮೇಲೆ ನಾನು ಅಡುಗೆಮನೆಯಲ್ಲಿರುತ್ತೇನೆ, ನಿನಗೆ ತೋಚಿದ ಉತ್ತರ ಕೊಡು. ಏನು ಹೇಳಿದೆ ಎಂದು ನನಗೆ ಬಂದು ಒಪ್ಪಿಸುವುದು ಬೇಡ. ಮಾರನೆಯ ಬೆಳಿಗ್ಗೆ ಎದ್ದು ಅವಳು ನನ್ನನ್ನು ಏನೆಂದು ಕರೆಯುತ್ತಾಳೋ, ಅದರಲ್ಲೇ ನನಗೆ ತಿಳಿಯುತ್ತದೆ.